ಬ್ಯಾಟರಿಗೆ ತೊಡಿಸಿದ ಉಣ್ಣೆ ಬಳೆ

ಗೌರವದ ಅತ್ತೆಮ್ಮ, ನನ್ನ ಅಪಾ,

ಒಂದೇ ಸೂರಿನಡಿ ಇದ್ದುಕೊಂಡು ಸೊಸೆಯೊಬ್ಬಳು ಅತ್ತೆಗೆ ಪತ್ರ ಬರೆಯುವುದು ನಮ್ಮ ನರೀನ್ ಊರಿನಲ್ಲಿ ಇದೇ ಮೊದಲಿರಬೇಕು. ಏನು ಮಾಡಲಿ, ಎದುರಿಗೆ ಬಂದರೆ ನಾನು ತಲೆ ತಗ್ಗಿಸಿ ಚಹಾ ಬಗ್ಗಿಸಬೇಕು, ನೀವು ಹೇಳಬೇಕು, ನಾನು ಕೇಳಬೇಕು. ಹನ್ನೊಂದು ವರ್ಷ ಕೇಳಿದ್ದೇನೆ. ಇವತ್ತು ನೀವು ಕೇಳಿ. ಕನ್ನಡಕ ರೇಡಿಯೊ ಮೇಲಿದೆ. ನಿಮ್ಮ ದೊಡ್ಡ ಮಗನ, ಅಂದರೆ ನನ್ನ ಭಾವನ ಕೈಗೆ ಕೊಟ್ಟು ಓದಿಸಿಕೊಳ್ಳಬೇಡಿ, ಇದು ನಮ್ಮಿಬ್ಬರ ಮಾತು.

ಮದುವೆಯಾಗಿ ಬಂದ ದಿನ ನನ್ನ ಪೆಟ್ಟಿಗೆ ಬಿಚ್ಚಿದಾಗ ರಜಾಯಿಗಳ ನಡುವಿನಿಂದ ವೋಲ್ಟ್ ಅಳೆಯುವ ಮೀಟರ್ ಹೊರಗೆ ಬಿತ್ತಲ್ಲ, ನೆನಪಿದೆಯೇ? ನೆಂಟರ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಅದನ್ನು ಇಟ್ಟವರು ಕೊಚ್ಕೋರಿನಲ್ಲಿ ಗಾಡಿಗಳ ವೈರಿಂಗ್ ಮಾಡುವ ನನ್ನಪ್ಪ. ಗಂಡುಮಕ್ಕಳು ಮೂವರಿದ್ದರೂ ಕೆಲಸ ಕಲಿಸಿದ್ದು ನನಗೆ. ನೀವು ನಗಲಿಲ್ಲ. ಮೀಟರನ್ನು ಎತ್ತಿ ಕಿಟಕಿಯಲ್ಲಿಟ್ಟು, "ಕಬ್ಬಿಣದ ಕೆಲ್ಸ ಗಂಡಸ್ರು ಮಾಡ್ಕೋತಾರೆ ಮಗಳೇ, ನೀನು ಉಣ್ಣೆ ಹಿಡಿ" ಅಂದಿರಿ. ಉಣ್ಣೆಯನ್ನೂ ಹಿಡಿದೆ. ನಿಮ್ಮ ಜೊತೆ ಕೂತು ತಟ್ಟಿ, ಬಿಸಿನೀರು ಹುಯ್ದು, ಉರುಳಿಸಿ ಎಷ್ಟು ಹಾಸು ಮಾಡಿದೆನೋ ಲೆಕ್ಕವಿಲ್ಲ. ಆದರೆ ಅಂಗಳದ ಶೆಡ್ಡಿಗೆ ಗಾಡಿ ತಂದವರೆಲ್ಲ ನನ್ನನ್ನೇ ಕೇಳುತ್ತಿದ್ದರು. ಅದು ನಿಮಗೆ ಹಿಡಿಸಲಿಲ್ಲ, ನನಗೆ ಗೊತ್ತು.

ಈ ಚಳಿಗಾಲ ನಮ್ಮ ವ್ಯಾನೇ ನನ್ನ ಮಾನ ತೆಗೆಯಿತು. ನನ್ನ ಗಂಡ ಜನರನ್ನು ಕೂರಿಸಿಕೊಂಡು ಬಿಷ್ಕೆಕ್‌ಗೆ ಹೊರಟರೆ, ದೊಲೊನ್ ಘಾಟಿಯ ಮೇಲೆ ಚಹಾಕ್ಕೆ ನಿಲ್ಲಿಸಿದ ಗಾಡಿ ಮತ್ತೆ ಸ್ಟಾರ್ಟ್ ಆಗುತ್ತಿರಲಿಲ್ಲ. ಆ ಹಿಮದಲ್ಲಿ ಪ್ರಯಾಣಿಕರೇ ಇಳಿದು ತಳ್ಳಬೇಕು. ಹೊಸ ಬ್ಯಾಟರಿ ಹಾಕಿದೆ. ಡೈನಮೊ ಬದಲಿಸಿದೆ. ಇಂಜಿನ್ ಓಡುವಾಗ ಬ್ಯಾಟರಿಗೆ ವೈರು ಕಚ್ಚಿಸುವ ಕ್ಲಾಂಪಿಗೆ ಸೂಜಿ ಇಟ್ಟರೆ ಮೀಟರ್ ಹದಿನಾಲ್ಕು ವೋಲ್ಟ್ ತೋರಿಸುತ್ತಿತ್ತು, ಬ್ಯಾಟರಿ ಮಾತ್ರ ಹಸಿದೇ ಇರುತ್ತಿತ್ತು. ಮೂರು ಸಲ ಹಾಗಾದ ಮೇಲೆ ಊಟಕ್ಕೆ ಕೂತಾಗ ನಿಮ್ಮ ದೊಡ್ಡ ಮಗ ಅಂದರು: "ಹೆಂಗಸು ಕೈಯಿಟ್ಟ ಗಾಡಿ, ಇನ್ನೇನಾಗುತ್ತೆ? ಶುಕ್ರವಾರದೊಳಗೆ ಸರಿ ಹೋಗ್ಲಿಲ್ವಾ, ಶೆಡ್ಡಿಗೆ ಬೀಗ. ಸಾಮಾನೆಲ್ಲ ನನ್ನ ಭಾಮೈದನಿಗೆ." ನೀವು ರೊಟ್ಟಿ ಮುರಿಯುತ್ತ, ತಲೆಯೆತ್ತದೆ, "ಹಾಗೇ ಆಗ್ಲಿ" ಅಂದಿರಿ. ಅವರ ಉದ್ದ ಮಾತಿಗಿಂತ ನಿಮ್ಮ ಆ ಎರಡು ಪದ ನನ್ನನ್ನು ಹೆಚ್ಚು ಸುಟ್ಟವು.

ಈಗ ತಪ್ಪು ಎಲ್ಲಿತ್ತೆಂದು ಹೇಳುತ್ತೇನೆ. ಸಂಜೆಯಾದರೆ ಬ್ಯಾಟರಿ ಚಳಿಗೆ ಸೋಲದಿರಲೆಂದು ಮನೆಯೊಳಗೆ ಬಂದು ಒಲೆಯ ಪಕ್ಕ ಮಲಗುತ್ತದೆ, ಬೆಳಿಗ್ಗೆ ಮತ್ತೆ ಗಾಡಿಗೆ ಹೋಗಿ ಆ ಬಿಸಿಯಲ್ಲೇ ಒಂದು ಸಲ ಹೇಗೋ ಸ್ಟಾರ್ಟ್ ಮಾಡುತ್ತದೆ. ಈ ಸಲ ನೀವು ಅದರ ಎರಡು ಸೀಸದ ಕಂಬಗಳಿಗೆ ಉಣ್ಣೆಯ ದಪ್ಪ ಬಳೆ ಮಾಡಿದಿರಿ, ಮೇಲೊಂದು ಟೋಪಿ ಹೊಲಿದಿರಿ. "ನನ್ನ ಮಗ ನಡುಗಬಾರ್ದು, ಅವನ ಗಾಡೀನೂ ನಡುಗಬಾರ್ದು" ಎಂದು ದುವಾ ಮಾಡಿ ದಿನವೂ ನಿಮ್ಮ ಕೈಯಿಂದಲೇ ತೊಡಿಸಿದಿರಿ. ಅತ್ತೆ ತೊಡಿಸಿದ್ದನ್ನು ಸೊಸೆ ಕೀಳುವುದುಂಟೇ? ಅದಕ್ಕೇ ನಾನು ಟೋಪಿಯ ಅಂಚಿನಿಂದ ಕಾಣುತ್ತಿದ್ದ ಕ್ಲಾಂಪಿಗಷ್ಟೇ ಸೂಜಿ ಇಟ್ಟು, ಕಂಬವನ್ನು ಮುಟ್ಟದೆ ಬಂದೆ. ಬೇರೆಯವರ ಗಾಡಿಯಾಗಿದ್ದರೆ ಮೊದಲ ದಿನವೇ ಕಿತ್ತು ನೋಡುತ್ತಿದ್ದೆ. ನನ್ನ ಕೆಲಸ ಕೆಟ್ಟದ್ದು ನಾನು ಹೆಂಗಸಾಗಿದ್ದಕ್ಕಲ್ಲ ಅಪಾ, ಒಳ್ಳೆಯ ಸೊಸೆಯಾಗಿದ್ದಕ್ಕೆ.

ಗುರುವಾರ ಮಧ್ಯಾಹ್ನ ಇಂಜಿನ್ ಓಡುತ್ತಿರುವಾಗಲೇ ಬಿಸ್ಮಿಲ್ಲಾ ಅಂದು ಟೋಪಿ ತೆಗೆದೆ. ಕ್ಲಾಂಪಿಗೆ ಸೂಜಿ ಇಟ್ಟೆ, ಹದಿನಾಲ್ಕು ಚಿಲ್ಲರೆ. ಬೆರಳಷ್ಟು ಸರಿಸಿ ಕಂಬಕ್ಕೇ ಇಟ್ಟೆ, ಹನ್ನೆರಡೂವರೆಯೂ ಇಲ್ಲ. ನಿಮ್ಮ ದಪ್ಪ ಬಳೆ ಕ್ಲಾಂಪನ್ನು ಕಂಬದ ಸಣ್ಣ ತುದಿಗೆ ಎತ್ತಿ ಕೂರಿಸಿತ್ತು. ಕೈಗೆ ಬಿಗಿ ಅನಿಸುತ್ತಿತ್ತು, ಒಳಗೆ ಸರಿಯಾಗಿ ತಾಗಿರಲೇ ಇಲ್ಲ. ಚಾಕುವಿನಿಂದ ಎರಡೂ ಬಳೆ ಕೊಯ್ದೆ. ಕ್ಲಾಂಪು ಬುಡಕ್ಕೆ ಇಳಿಯಿತು, ಎರಡೂ ಕಡೆ ಅಂಕಿ ಒಂದೇ ಆಯಿತು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಅದಾದ ಮೇಲೆ ವ್ಯಾನು ನಾಲ್ಕು ಸಲ ಘಾಟಿ ದಾಟಿದೆ, ಒಬ್ಬರೂ ಇಳಿದು ತಳ್ಳಿಲ್ಲ. ಏನಾಗಿತ್ತೆಂದು ನಿಮ್ಮ ದೊಡ್ಡ ಮಗ ಕೇಳಿದರು. "ಕ್ಲಾಂಪು ಸರಿ ಕೂತಿರ್ಲಿಲ್ಲ" ಅಂದೆ, ನಿಮ್ಮ ಬಳೆಯ ಸುದ್ದಿ ಎತ್ತಲಿಲ್ಲ. ಹೆದರಿದಳು ಎಂದುಕೊಳ್ಳಬೇಡಿ. ಶೆಡ್ಡಿಗೆಂದು ಅವರು ತಂದಿಟ್ಟಿದ್ದ ಬೀಗವನ್ನು ನನ್ನ ಸಾಮಾನಿನ ಪೆಟ್ಟಿಗೆಗೆ ಹಾಕಿಕೊಂಡಿದ್ದೇನೆ, ಕೀಲಿ ನನ್ನ ಸೊಂಟದಲ್ಲಿದೆ. ಇನ್ನು ಯಾರು "ಹಾಗೇ ಆಗ್ಲಿ" ಅಂದರೂ ಹಾಗೆ ಆಗುವುದಿಲ್ಲ.

ಕೊಯ್ದ ಬಳೆಗಳು ಈ ಲಕೋಟೆಯಲ್ಲಿವೆ. ನಿಮ್ಮಷ್ಟು ಗಟ್ಟಿಯಾಗಿ ಉಣ್ಣೆ ತಟ್ಟುವವರು ಈ ಊರಿನಲ್ಲಿಲ್ಲ. ಅದಕ್ಕೇ ಒಂದು ಕೇಳುತ್ತೇನೆ. ಶೆಡ್ಡಿನ ಸಿಮೆಂಟು ನೆಲ ಮಂಜುಗಡ್ಡೆಯ ಹಾಗಿದೆ, ಮಂಡಿ ನೋಯುತ್ತದೆ. ಎರಡು ಮಂಡಿ ಊರುವಷ್ಟು ಅಗಲದ್ದೊಂದು ಹಾಸು ತಟ್ಟಿಕೊಡಿ. ದಪ್ಪಗಿರಲಿ, ಬಹಳ ವರ್ಷ ಬಾಳಬೇಕು.

ನಿಮ್ಮ ಕೈಗಳ ಕಸುವು ಕುಂದದಿರಲಿ, ಘಾಟಿಗೆ ಹೋದ ನಿಮ್ಮ ಮಗ ದಿನವೂ ಬೆಚ್ಚಗೆ ಮನೆ ಸೇರಲಿ.

ನಿಮ್ಮ ಕಿರಿಯ ಸೊಸೆ,
ವೈರಿಂಗ್ ಕೆಲಸದ ಸೈಕಾಲ್