ಮಗಳ ಕುಬಸಕ್ಕೆ ಅಪ್ಪನ ಕಸೂತಿ

ಮನೋಳಿ
೧೨ ನವೆಂಬರ್ ೨೦೨೪

ಮುದ್ದಿನ ಮಗಳು ದುರ್ಗಾಳಿಗೆ ಅಪ್ಪನ ಮನಸಾರೆ ಆಶೀರ್ವಾದ.

ಹೇಗಿದ್ದೀಯವ್ವ? ಕಾಲಿನ ಬಾವು ಇಳಿಯಿತೇ? ಊಟ ಸೇರುತ್ತಿದೆಯೇ? ಬೈಲಹೊಂಗಲದ ನೀರು ಈಗ ನಿನಗೆ ಒಗ್ಗಿದೆ ಎಂದು ಅಳಿಯಂದಿರು ಹೇಳಿದರು, ಕೇಳಿ ಜೀವಕ್ಕೆ ಸಮಾಧಾನವಾಯಿತು. ಮೆಟ್ಟಿಲು ಹತ್ತಿ ಇಳಿಯುವುದನ್ನು ಕಡಿಮೆ ಮಾಡು. ನಾನು ಆರಾಮಾಗಿದ್ದೇನೆ. ಅಂಗಡಿಗೆ ಲಗ್ನದ ಕುಪ್ಪಸಗಳು ಬರತೊಡಗಿವೆ, ಮಷೀನಿಗೆ ಬಿಡುವಿಲ್ಲ. ಫೋನಿನಲ್ಲಿ ಹೇಳಬಹುದಿತ್ತಲ್ಲ, ಪತ್ರವೇಕೆ ಎನ್ನಬೇಡ. ಫೋನಿನಲ್ಲಿ ನೀನು ನನಗೆ ಮಾತು ಮುಗಿಸಲು ಬಿಡುವುದಿಲ್ಲ. ಪತ್ರದ ನಡುವೆ ಬಾಯಿ ಹಾಕಲು ಬರುವುದಿಲ್ಲವಲ್ಲ, ಸುಮ್ಮನೆ ಕುಳಿತು ಓದು.

ನಿನ್ನ ಸೀಮಂತದ ಕುಬಸಕ್ಕೆ ತವರಿನಿಂದ ತರುವ ಹಸಿರು ಸೀರೆಯ ಸೆರಗಿಗೆ ನಾನೇ ಕಸೂತಿ ಹಾಕುತ್ತೇನೆ ಎಂದಾಗ ನೀನು ಏನಂದೆ? “ಅಪ್ಪಾ, ಗಂಡಸ ಮನಷ್ಯಾ ಕುಂತು ಕಸೂತಿ ಹಾಕ್ಯಾನ ಅಂದ್ರ ನಮ್ಮತ್ತಿ ಕಡೆಯವ್ರು ನಗತಾರ. ಅಂಗಡ್ಯಾಗಿನ ಸೀರಿನ ತಗೊಂಡ ಬಾ.” ಆ ಮಾತು ನನಗೆ ನಾಟಿತು ಮಗಳೇ. ಸಿಟ್ಟೂ ಬಂತು. ನಿನ್ನ ಅವ್ವ ಪದ್ಮವ್ವ ಬದುಕಿದ್ದರೆ ಆ ಸೆರಗು ಅವಳ ಕೈಯಲ್ಲಿ ಆಗುತ್ತಿತ್ತು. ಅವಳಿಲ್ಲ ನಿಜ, ಆದರೆ ಅಷ್ಟಕ್ಕೇ ನಿನಗೆ ತವರಿಲ್ಲ ಎಂದಾಯಿತೇ? ಊರ ಹೆಂಗಸರ ಕುಪ್ಪಸಗಳನ್ನೆಲ್ಲ ಹೊಲಿದ ಕೈ ಇದು. ನನ್ನ ಮಗಳ ಸೆರಗಿಗೆ ಮಾತ್ರ ನಾಚಿಕೊಳ್ಳಬೇಕೇ?

ಸೂಜಿ ಹಿಡಿದೇ ತಲೆ ನರೆತವನಿಗೆ ಇದೇನು ಮಹಾ ಎಂದುಕೊಂಡು ನಮ್ಮ ಓಣಿಯ ಚನ್ನವ್ವನ ಹತ್ತಿರ ಕಲಿಯಲು ಹೋದೆ. ಸೀರೆ ಮುಟ್ಟುವ ಮೊದಲು ಒಂದು ತುಂಡು ಬಟ್ಟೆಯ ಮೇಲೆ ಕೈ ಪಳಗಿಸಬೇಕು ಎಂದಳು. ನಾನು ಅಂಗಡಿಯ ಚಾಳಿಯಂತೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ, ದಾರದ ತುದಿಗೆ ಗಂಟು ಹಾಕಿದೆ, ಸರಸರನೆ ಒಂದು ಸಾಲು ಹೊಲಿದು ಕೊಟ್ಟೆ. ಚನ್ನವ್ವ ಮುಂಬದಿಯನ್ನು ನೋಡಲೇ ಇಲ್ಲ. ತಿರುವಿ ಹಿಂಬದಿ ನೋಡಿದವಳೇ ಕತ್ತರಿ ತೆಗೆದು ಗಂಟನ್ನು ಕತ್ತರಿಸಿ ಹಾಕಿದಳು. “ಟೇಲರ್ ಅಣ್ಣಾರ, ಕಸೂತ್ಯಾಗ ಗಂಟ ಹಾಕಂಗಿಲ್ರಿ. ಗೆರಿನೂ ಬ್ಯಾಡ. ಬಟ್ಟಿ ಎಳಿ ಎಣಿಸಿಕೋತ ಹೋಗ್ರಿ.” ಕಲಿಯಲು ಬಂದಿದ್ದ ಹುಡುಗಿಯರು ದುಪಟ್ಟಾ ಬಾಯಿಗೆ ಒತ್ತಿಕೊಂಡು ನಕ್ಕರು. ನಾನೂ ನಕ್ಕೆ, ಬೇರೇನು ಮಾಡಲಿ?

ಆ ತುಂಡು ಬಟ್ಟೆಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ, ಬಿಡಿಸಿ ನೋಡು. ಮೇಲಿನದು ಗವಂತಿ. ಹೋಗುವಾಗ ಒಂದು ಹೊಲಿಗೆಯಷ್ಟು ಜಾಗ ಬಿಡುತ್ತ ಹೋಗಿ, ಬಿಟ್ಟದ್ದನ್ನು ಬರುವಾಗ ತುಂಬಬೇಕು. ಹಾದಿ ತಪ್ಪಿದರೆ ನಡುವೆ ಸಂದು ಉಳಿದುಬಿಡುತ್ತದೆ. ಮೆಟ್ಟಿಲಿನಂತೆ ಏರಿದ್ದು ಮುರಗಿ. ಇವೆರಡನ್ನೂ ತಿರುವಿದರೆ ಹಿಂದೂ ಮುಂದೂ ಒಂದೇ. ಇವನ್ನು ಈಗಲೂ ಹಾಕುವವರಿದ್ದಾರೆ, ಆದರೆ ನೇಯ್ಗಿ ಮತ್ತು ಮೆಂತಿಯನ್ನು ಕೇಳುವವರೇ ಕಡಿಮೆಯಂತೆ. ನೇಯ್ಗಿ ಮಗ್ಗದಲ್ಲೇ ಮೂಡಿದಂತೆ ಕಾಣಬೇಕು. ಮೆಂತಿಯಲ್ಲಿ ಸಣ್ಣ ಹೊಲಿಗೆಗಳು ಒಂದನ್ನೊಂದು ದಾಟುತ್ತ ಮೆಂತೆಕಾಳಿನಂತೆ ಒತ್ತಾಗಿ ಕೂರುತ್ತವೆ. ಎಡಗಡೆಯ ಆನೆ ಹಂದಿಯಾಗಿದೆ, ನಗಬೇಡ. ಬಿಚ್ಚಲು ಹೋದರೆ ಚನ್ನವ್ವ ಬಿಡಲಿಲ್ಲ, ಕಲಿಯುವ ಬಟ್ಟೆಯಲ್ಲಿ ತಪ್ಪೂ ಇರಲಿ ಎಂದಳು.

ಈಗ ಕೆಳಗಿನ ಮೂಲೆಯ ತೊಟ್ಟಿಲನ್ನು ನೋಡು. ಅದು ಪೂರ್ತಿ ಮೆಂತಿ. ಅದನ್ನು ಮುಗಿಸಿಕೊಟ್ಟ ದಿನ ಚನ್ನವ್ವ ಬಹಳ ಹೊತ್ತು ಬಟ್ಟೆ ತಿರುವಿ ತಿರುವಿ ನೋಡಿ, ನಕ್ಕಿದ್ದ ಆ ಹುಡುಗಿಯರನ್ನೇ ಕರೆದು, “ನೋಡ್ರೆವ್ವಾ, ಮೆಂತಿ ಅಂದ್ರ ಹಿಂಗಿರಬೇಕು” ಎಂದಳು. ನನಗೆ ಆಕಾಶ ಮೂರೇ ಗೇಣು! ನೇರ ಮನೆಗೆ ಬರದೆ ಹೊಳೆಯ ಕಡೆಯಿಂದ ಸುತ್ತು ಹಾಕಿ, ಎದುರಾದವರಿಗೆಲ್ಲ ಬಟ್ಟೆ ತೋರಿಸುತ್ತ ಬಂದೆ. ಜಂಬ ಎನ್ನುತ್ತೀಯಾ? ಹೌದು, ಜಂಬವೇ. ಈ ವಯಸ್ಸಿನಲ್ಲಿ ಹೊಸ ವಿದ್ಯೆ ಕೈಗೆ ಹತ್ತಿದೆ, ಯಾಕೆ ಮುಚ್ಚಿಡಲಿ? ಈಗ ನೀನೇ ಹೇಳು, ಈ ಕೈ ಹಾಕಿದ ಸೆರಗನ್ನು ಹೊದೆಯಲು ನಿನಗೆ ಸಂಕೋಚವೇ?

ಬೀಗಿತ್ತಿಯವರಿಗೂ ಅಳಿಯ ಸಂದೀಪರಿಗೂ ನನ್ನ ನಮಸ್ಕಾರ ತಿಳಿಸು. ನೀನೂ ನಿನ್ನ ಹೊಟ್ಟೆಯ ಕೂಸೂ ತಣ್ಣಗಿರಿ.

ನಿನ್ನ ಅಪ್ಪ
ಪರಪ್ಪ

ತಾ.ಕ.: ಅಂಚೆಯ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಸೀರೆಯ ಸೆರಗು ನಿನ್ನೆಯೇ ಮುಗಿದಿದೆ, ಅದರಲ್ಲೂ ಅದೇ ತೊಟ್ಟಿಲಿದೆ. ನೀನು ಬೇಡವೆಂದರೂ ತರುವವನೇ. ಅಲ್ಲಿಯ ಹೆಂಗಸರೆದುರು ನಿನಗೆ ನಾಚಿಕೆಯಾದರೆ ಚನ್ನವ್ವ ಹಾಕಿದ್ದೆಂದು ಹೇಳಿಬಿಡು, ನಾನು ಬಾಯಿ ಮುಚ್ಚಿಕೊಂಡು ಕೂರುತ್ತೇನೆ ಎಂದು ಬರೆಯುವವನಿದ್ದೆ. ಅವಳನ್ನೂ ಒಂದು ಮಾತು ಕೇಳೋಣವೆಂದು ಬೆಳಿಗ್ಗೆ ಹೋದೆ. “ಸುಳ್ಳ ಹೇಳಾಕ ನನ್ನ ಹೆಸರ ಕೊಡಂಗಿಲ್ರಿ. ಆ ತೊಟ್ಟಲಾ ನಿಮ್ಮದ, ಹೆಸರೂ ನಿಮ್ಮದ” ಎಂದು ಕಡ್ಡಿ ಮುರಿದಂತೆ ಹೇಳಿದಳು. ಹೀಗಾಗಿ ಯಾರು ಹಾಕಿದ್ದೆಂದು ಕೇಳಿದರೆ ನನ್ನ ಹೆಸರನ್ನೇ ಹೇಳಬೇಕಾಗುತ್ತದೆ, ಮಗಳೇ. ಸ್ವಲ್ಪ ಗಟ್ಟಿಯಾಗಿ ಹೇಳು.