ತಿರುಗುಮುರುಗಾದ ಆರು ಚಿತ್ರಗಳು

ವಾತ್ಯಾರಣ್ಣನಿಗೆ, ಅಂದರೆ ನಮ್ಮ ಕಾಲೇಜು ಮೇಷ್ಟ್ರಿಗೆ, ಸೇಲಂನ ನಿಮ್ಮ ಬೈಂಡರ್ ಮಾದನ ನಮಸ್ಕಾರ.

ಆ ಬೇಸಿಗೆ ರಜೆಯಲ್ಲಿ ಗೋಣಿಚೀಲ ಹೊತ್ತು ನನ್ನ ಅಂಗಡಿಗೆ ಬಂದಿರಿ, ನೆನಪಿದೆಯಾ? ಚೀಲದ ತುಂಬ ನಿಮ್ಮ ಕಾಲೇಜು ಲೈಬ್ರರಿಯ ಪ್ರಾಣಿಶಾಸ್ತ್ರದ ದಪ್ಪ ಪುಸ್ತಕಗಳು. ಮನೆಗೆ ಒಯ್ಯಲು ಯಾರಿಗೂ ಕೊಡದಂಥವು, ಆದರೂ ಬೆನ್ನು ಮುರಿದು ಹಾಳೆಹಾಳೆಯಾಗಿದ್ದವು. ತಮಿಳಿನಲ್ಲಿ ಮಾತು ಶುರುಮಾಡಿದವರು, ನಾನು ಹೆಂಡತಿಗೆ ಅಂಟು ತಾ ಎಂದ ಕನ್ನಡ ಕೇಳಿ, “ಯಾವೂರ್ಲಾ ನಿಂದು?” ಎಂದಿರಿ. ಪಾಲಕೋಡ್ ಕಡೆಯ ಕುರಿ ಸಾಕುವವರು ಎಂದೆ.

ಇಂಗ್ಲಿಷಿನಲ್ಲಿ ನನಗೆ ಅಂಕಿ ಮಾತ್ರ ಗೊತ್ತು. ಪುಟದ ನಂಬರು ನೋಡಿ ಜೋಡಿಸುವುದು, ಹೊಲಿಯುವುದು. ಚಿತ್ರದ ಹಾಳೆಗಳಿಗೆ ನಂಬರೇ ಇರಲಿಲ್ಲ. ಕುರಿಯ ನಾಲ್ಕು ಹೊಟ್ಟೆಗಳನ್ನು ಮಾರಿಹಬ್ಬದಲ್ಲಿ ಕುರಿ ಕೊಯ್ದ ಅನುಭವದಲ್ಲೇ ಸರಿಯಾಗಿ ಇಟ್ಟೆ. ಎಡವಿದ್ದು ಜೀವಕೋಶದ ಪುಸ್ತಕದಲ್ಲಿ. ಆರು ಚಿತ್ರ, ಒಂದರಲ್ಲಿ ಒಂದೇ ದುಂಡು, ಇನ್ನೊಂದರಲ್ಲಿ ಎರಡು. ಆಗಷ್ಟೇ ನಾನೂ ನನ್ನ ಒಡಹುಟ್ಟಿದ ಅಣ್ಣನೂ ಊರಲ್ಲಿದ್ದ ಕುರಿ ಹಂಚಿಕೊಂಡು, ಮಾತು ಬಿಟ್ಟು ಬೇರೆಯಾಗಿದ್ದೆವು. ಎರಡು ಸೇರಿ ಒಂದಾಗುವುದೇ ಬಾಳು, ಒಂದು ಒಡೆದು ಎರಡಾದರೆ ಅದೇನು ಬಾಳು ಎಂದುಕೊಂಡೆ. ಚಿತ್ರಗಳನ್ನು ಎರಡರಿಂದ ಒಂದಕ್ಕೆ ತಂದು ಗಟ್ಟಿಯಾಗಿ ಹೊಲಿದುಬಿಟ್ಟೆ.

ತಪ್ಪು ಕಂಡು ಲೈಬ್ರರಿಯವರು ನನ್ನನ್ನು ಕರೆಸಿದರು. ಕಾಲೇಜಿನ ಕೆಲಸ ತಪ್ಪಿದರೆ ಅಂಗಡಿಗೆ ಬಾಗಿಲು ಹಾಕುವುದೇ ಗತಿ. ನೀವು ನಡುವೆ ಬಂದು, “ಕ್ರಮ ಹೇಳಿಕೊಟ್ಟವನು ನಾನೇ, ತಪ್ಪು ನನ್ನದೇ” ಎಂದಿರಿ. ಹೇಳಿಕೊಟ್ಟಿದ್ದಿರಾ? ಆಮೇಲೆ ವರಾಂಡದಲ್ಲಿ ನನ್ನ ಕಥೆ ಕೇಳಿ ಬಿದ್ದುಬಿದ್ದು ನಕ್ಕಿರಿ.

“ಒಂದು ಎರಡಾಗ್ದಿದ್ರೆ ನೀನಿನ್ನೂ ನಿಮ್ಮವ್ವನ ಒಟ್ಟೇಲಿ ಸಾಸ್ವೆ ಕಾಳಿಗಿಂತ ಚಿಕ್ಕದಾಗಿರ್ತಿದ್ದೆ ಕಣ್ಲಾ. ಒಡೆಯೋದೇ ಬೆಳೆಯೋದು.”

ಅಷ್ಟು ದೊಡ್ಡ ಉಪಕಾರಕ್ಕೆ ಟೀ ಕುಡೀತೀರಾ ಎಂದೆ, ಅಷ್ಟೇ.

ನೀವು ತೀರಿಹೋಗಿ ವರ್ಷವಾಯಿತು. ಹೋದ ವಾರ ಅದೇ ಪುಸ್ತಕ ಮತ್ತೆ ಹರಿದು ಬಂತು. ಆ ಚಿತ್ರಗಳ ಪಕ್ಕ ನಿಮ್ಮ ಕೈಬರಹದ ತಮಿಳು ಚೀಟಿ: ಕೊನೆಯ ಚಿತ್ರದಿಂದ ಮೊದಲನೆಯದಕ್ಕೆ ಬನ್ನಿ. ಅಷ್ಟು ವರ್ಷ ಮಕ್ಕಳಿಗೆ ಹಾಗೆಯೇ ಪಾಠ ಮಾಡಿದಿರಾ, ನನ್ನ ಹೊಲಿಗೆ ಬಿಚ್ಚಿಸದೆ?

ಈಗ ಬಿಚ್ಚಿದೆ. ಒಂದರಿಂದ ಎರಡಕ್ಕೆ, ಸರಿಯಾಗಿ ಹೊಲಿದೆ. ಮರುದಿನ ಬಸ್ಸು ಹತ್ತಿ ಊರಿನ ನನ್ನ ಅಣ್ಣನ ಮನೆಗೆ ಹೋದೆ. ನಾವು ಹಂಚಿಕೊಂಡಾಗ ಒಟ್ಟು ಇದ್ದದ್ದಕ್ಕಿಂತ ಅವನೊಬ್ಬನ ಹಟ್ಟಿಯಲ್ಲೇ ಈಗ ಹೆಚ್ಚು ಕುರಿಗಳಿವೆ. ಅತ್ತಿಗೆ ಮುದ್ದೆ ಇಕ್ಕಿದರು, ಉಂಡೆ.

ನಿಮ್ಮ ಚೀಟಿ ಇನ್ನು ಮಕ್ಕಳ ದಾರಿ ತಪ್ಪಿಸುತ್ತದೆ. ಎಸೆಯಲು ಕೈ ಬರಲಿಲ್ಲ. ಹೊಸ ರಟ್ಟಿನೊಳಗೆ, ಬಟ್ಟೆಯ ಅಡಿಯಲ್ಲಿ ಅಂಟಿಸಿದ್ದೇನೆ. ಪುಸ್ತಕ ಇನ್ನೊಮ್ಮೆ ಹರಿಯುವವರೆಗೆ ಅದು ಯಾರಿಗೂ ಕಾಣದು.

ಹರಿಯದ ಹಾಗೆ ಹೊಲಿದಿದ್ದೇನೆ, ವಾತ್ಯಾರಣ್ಣ.