ಉಪ್ಪು ಬಿಟ್ಟ ಅತ್ತೆ

ಜಯನಗರ, ಬೆಂಗಳೂರು-೧೧
೧೯-೮-೧೯೬೧

ಪ್ರೀತಿಯ ಅಮ್ಮಾ,

ನಿನ್ನ ಚೂಡಾಮಣಿಯ ನಮಸ್ಕಾರಗಳು. ಮಂಡಿನೋವು ಹೇಗಿದೆ? ಹರಳೆಣ್ಣೆ ಬಿಸಿ ಮಾಡಿ ಹಚ್ಚಿಕೊಳ್ಳುತ್ತಿದ್ದೀಯಾ, ಇಲ್ಲ ನನ್ನ ಸಮಾಧಾನಕ್ಕೆ ಹಾಗೆಂದು ಬರೆದೆಯಾ? ನಿನ್ನನ್ನು ನಾನು ಬಲ್ಲೆ. ಕಿಟ್ಟಿಯ ಕೆಮ್ಮು ನಿಂತಿರಬೇಕು. ತಮ್ಮ ಅಂತ ಮುದ್ದು ಮಾಡಿ ಮಳೆಯಲ್ಲಿ ಆಡಲು ಬಿಡುವವಳು ನಾನೇ ಅಲ್ಲಿಲ್ಲವಲ್ಲ, ನಿಂತೇ ಇರುತ್ತದೆ.

ಯಡಿಯೂರು ಕೆರೆ ಏರಿಯ ಮೇಲೆ ಕಲ್ಲು ತುಂಬಿದ ಲಾರಿ ಇವರ ಸೈಕಲ್ಲಿಗೆ ಗುದ್ದಿದ್ದು ಯುಗಾದಿಯ ಹಿಂದಿನ ವಾರ. ಈಗ ಕಾಲಿನ ಕಟ್ಟು ಬಿಚ್ಚಿದ್ದೂ ಆಯಿತು. ನೋಡಲು ಬಂದವರಿಗೆಲ್ಲ 'ಗುಣವಾಗುತ್ತಿದೆ, ಇನ್ನೂ ಎದ್ದು ನಿಲ್ಲುವ ಹಾಗಿಲ್ಲ' ಎನ್ನುತ್ತೇನೆ. ನಿನಗೂ ಹೋದ ಕಾಗದದಲ್ಲಿ ಅದನ್ನೇ ಬರೆದಿದ್ದೆ. ಅದು ಸುಳ್ಳು ಅಮ್ಮಾ. ಈ ಮನೆಯಲ್ಲಿ ಯಾರಿಗೂ ಬಾಯಿಬಿಡುವುದಿಲ್ಲ ಎಂದು ಇವರು ನನ್ನ ತಾಳಿ ಮುಟ್ಟಿಸಿ ಆಣೆ ಮಾಡಿಸಿದ್ದಾರೆ. ನೀನು ಈ ಮನೆಯವಳಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಯಾರಿಗಾದರೂ ಹೇಳದಿದ್ದರೆ ನನಗೆ ಉಸಿರು ಕಟ್ಟಿಹೋಗುತ್ತದೆ.

ಇದಕ್ಕೆಲ್ಲ ಮೂಲ ಅತ್ತೆಯ ಹರಕೆ. ಇವರು ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾಗ ಅತ್ತೆ ಬನಶಂಕರಿ ಗುಡಿಗೆ ಹೋಗಿ, ನಿಂಬೆಹಣ್ಣಿನ ದೀಪ ಹಚ್ಚಿ, 'ನನ್ನ ಸೀನು ಮೊದಲಿನ ಹಾಗೇ ನಡ್ಕೊಂಡು ಬಂದು ನಿನ್ನ ಮುಂದೆ ನಿಲ್ಲೋವರೆಗೂ ನಾನು ಉಪ್ಪು ಮುಟ್ಟಲ್ಲ ತಾಯಿ, ಒಪ್ಪತ್ತೇ ಊಟ ಮಾಡ್ತೀನಿ' ಎಂದು ಕೈಮುಗಿದು ಬಂದರು. ಅಂದಿನಿಂದ ಮಧ್ಯಾಹ್ನ ಒಂದು ಹೊತ್ತು ಸಪ್ಪೆ ಅನ್ನ, ಮಜ್ಜಿಗೆ. ನೀನು ನೋಡಿದ ಆ ದುಂಡನೆಯ ಅತ್ತೆ ಈಗಿಲ್ಲ. ಬಳೆಗಳು ಮೊಣಕೈವರೆಗೂ ಜಾರುತ್ತವೆ. ಮೊನ್ನೆ ಬಚ್ಚಲಲ್ಲಿ ತಲೆಸುತ್ತಿ ಬಿದ್ದರು. ಉಪ್ಪಿನ ಜಾಡಿ ಕೈಗೆತ್ತಿಕೊಂಡರೆ ಏನೋ ಕದಿಯುತ್ತಿರುವ ಹಾಗೆ ಆಗುತ್ತದೆ ನನಗೆ.

ಕಟ್ಟು ಬಿಚ್ಚಿದ ದಿನ ಡಾಕ್ಟರು ನಮ್ಮಿಬ್ಬರನ್ನೇ ಒಳಗೆ ಕರೆದು, ಮೂಳೆ ಚೆನ್ನಾಗಿ ಕೂಡಿದೆ, ಧಾರಾಳವಾಗಿ ನಡೆಯಬಹುದು, ಆದರೆ ಎಡಗಾಲು ಗಿಡ್ಡವಾಗಿಬಿಟ್ಟಿದೆ, ಇನ್ನು ಕುಂಟು ಹೋಗುವುದಿಲ್ಲ ಎಂದರು. ಅಂದರೆ 'ಮೊದಲಿನ ಹಾಗೇ' ಎನ್ನುವುದು ಇನ್ನಿಲ್ಲ. ಇವರ ಜೊತೆ ಲಾಲ್‌ಬಾಗಿಗೆ ಹೋದರೆ ನಾನು ಹಿಂದೆ ಹಿಂದೆ ಓಡಬೇಕಿತ್ತು, ನಿನ್ನ ಹತ್ತಿರ ದೂರು ಹೇಳಿದ್ದೆನಲ್ಲ, ಆ ಮನುಷ್ಯ ನನ್ನ ಭುಜ ಹಿಡಿದು ಜಟಕಾ ಹತ್ತಿ ಮನೆಗೆ ಬಂದರು. ಆಮೇಲೆ, 'ಅಮ್ಮನಿಗೆ ಹೇಳ್ಬೇಡ ಚೂಡಾ, ಗೊತ್ತಾದ್ರೆ ಸಾಯೋವರೆಗೂ ಉಪ್ಪು ತಿನ್ನಲ್ಲ' ಎಂದರು. ನನಗೂ ಆ ಭಯ ಇದೆ. ಅತ್ತೆಯ ಹಟ ನಿನಗೆ ಗೊತ್ತಲ್ಲ. ಆದರೆ ಅಷ್ಟೇ ಅಲ್ಲ ಅಮ್ಮಾ. ಬೀದಿಯಲ್ಲಿ ಕುಂಟುತ್ತಾ ಹೋಗಲು ಇವರಿಗೆ ನಾಚಿಕೆ. ಅದನ್ನು ಮಾತ್ರ ಬಾಯಿಬಿಟ್ಟು ಹೇಳುವುದಿಲ್ಲ.

ಅತ್ತೆ ಬೆಳಗ್ಗೆ ಪೂಜೆಗೆ ಕೂತಾಗ ಇವರು ಕೋಣೆಯ ಬಾಗಿಲು ಹಾಕಿಕೊಂಡು ಕಿಟಕಿಯಿಂದ ಬೀರುವಿನವರೆಗೆ ನಡೆಯುತ್ತಾರೆ. ಸದ್ದು ಕೇಳಬಾರದೆಂದು ಅಷ್ಟು ಹೊತ್ತೂ ನಾನು ಅಡುಗೆಮನೆಯಲ್ಲಿ ಏನಾದರೂ ಕುಟ್ಟುತ್ತಿರಬೇಕು. ಮನೆಯಲ್ಲಿರುವ ಡಬ್ಬಗಳೆಲ್ಲ ಚಟ್ನಿಪುಡಿಯಿಂದ ತುಂಬಿವೆ. ನಗಬೇಡ. ಅತ್ತೆಯ ತಟ್ಟೆಗೆ ಸಪ್ಪೆ ಅನ್ನ ಬಡಿಸಿ ಈಚೆ ಬಂದರೆ ಇವರ ಮುಖ, ಇವರ ಊಟ ಕೊಟ್ಟು ಆಚೆ ಹೋದರೆ ಅವರ ಮುಖ. ನನಗೆ ಓಡಿಹೋಗಲು ಈ ಮನೆಯಲ್ಲಿ ಮೂರನೆಯ ಕೋಣೆ ಇಲ್ಲ. ಕೆಲವು ಸಲ ಇಬ್ಬರ ಮೇಲೂ ಎಷ್ಟು ಕೋಪ ಬರುತ್ತದೆಂದರೆ, ಆ ಒನಕೆ ಎತ್ತಿ ಬೀದಿಗೆ ಎಸೆದುಬಿಡೋಣ ಅನ್ನಿಸುತ್ತದೆ.

ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಕಳಶವನ್ನೇನೋ ಇಡುತ್ತೇವೆ. ಈ ಮಂಡಿ ಇಟ್ಟುಕೊಂಡು ನೀನು ಬರುವುದು ಬೇಡ. ಬರೆದು ಹಗುರವಾಯಿತು, ಅಷ್ಟು ಸಾಕು. ಕಿಟ್ಟಿಗೆ ನನ್ನ ಮುದ್ದು, ದೊಡ್ಡವರಿಗೆಲ್ಲ ನಮಸ್ಕಾರ. ನಿನ್ನ ಆಶೀರ್ವಾದ ನಮ್ಮ ಮೂವರ ಮೇಲೂ ಇರಲಿ.

ಇತಿ ನಿನ್ನ ಮಗಳು,
ಚೂಡಾ

ಮರೆತ ಮಾತು: ಅಮ್ಮಾ, ಲಕೋಟೆ ಅಂಟಿಸುವಷ್ಟರಲ್ಲಿ ಅತ್ತೆ ಕರೆದರು. ಪೂಜೆಯ ನಡುವೆ ದಾಸವಾಳ ಕೀಳಲು ಎದ್ದು ಹೋದಾಗ ಕಿಟಕಿಯಲ್ಲಿ ಇವರು ನಡೆಯುವುದನ್ನು ನೋಡಿದ್ದಾರಂತೆ, ಕುಂಟುವುದನ್ನೂ. 'ದೇವಿ ಏನು ಕಾಲಿಗೆ ಅಳತೆಪಟ್ಟಿ ಹಿಡೀತಾಳೇನೇ? ಅವನು ಹೇಗೆ ನಡ್ಕೊಂಡು ಬಂದ್ರೂ ಆವತ್ತೇ ಉಪ್ಪು ತಿಂತೀನಿ. ಆದ್ರೆ ಅವನಾಗೇ ಎದ್ದು ಬರ್ಬೇಕು. ನಾನು ನೋಡ್ದೆ ಅಂತ ಗೊತ್ತಾದ್ರೆ ನಾಚ್ಕೊಂಡು ಮಂಚ ಬಿಡೋದೇ ಇಲ್ಲ, ಹೇಳ್ಬೇಡ' ಎಂದು ನನ್ನ ಕೈ ಎಳೆದು ತಮ್ಮ ತಲೆಯ ಮೇಲೆ ಇಟ್ಟುಕೊಂಡು ಆಣೆ ಮಾಡಿಸಿಬಿಟ್ಟರು! ಈಗ ಇಬ್ಬರ ಆಣೆಯೂ ನನ್ನ ಮೇಲೆ. ಮೇಲೆ ಬರಬೇಡ ಎಂದು ಬರೆದದ್ದನ್ನು ಲೆಕ್ಕಕ್ಕಿಡಬೇಡ, ಕಾಗದ ಕೈಸೇರಿದ ಕೂಡಲೇ ಸಿಕ್ಕಿದ ರೈಲು ಹತ್ತು. ನೀನು ಯಾರಿಗೂ ಆಣೆ ಕೊಟ್ಟಿಲ್ಲ. ಬಂದವಳೇ ಕಾಲು ಕೂಡ ತೊಳೆಯದೆ, ನಡುಮನೆಯಲ್ಲಿ ನಿಂತು, ಇಬ್ಬರಿಗೂ ಕೇಳುವ ಹಾಗೆ ಎಲ್ಲವನ್ನೂ ಗಟ್ಟಿಯಾಗಿ ಹೇಳಿಬಿಡು. ಆಮೇಲೆ ಇಬ್ಬರೂ ಒಟ್ಟಿಗೆ ಊಟಕ್ಕೆ ಕೂತು ನನ್ನನ್ನು ಎಷ್ಟು ಬೇಕಾದರೂ ಬೈಯಲಿ.